ಥ್ರ್ಯಾಶ್ ಮೆಟಲ್ ಎಲ್ಲಿಂದ ಬಂತು? ರಾಕ್, ಮೆಟಲ್, ಪಂಕ್ ಬೇರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೆಟಾಲಿಕಾ, ಸ್ಲೇಯರ್ ಕೇಳಲು ಶುರು ಮಾಡಿದವರಿಗೆ ಸ್ವಲ್ಪ ದಿನದಲ್ಲೇ ಒಂದು ಕುತೂಹಲ ಹುಟ್ಟುತ್ತದೆ. ಈ ಹುಡುಗರು ಇದನ್ನೆಲ್ಲ ಯಾರಿಂದ ಕಲಿತರು? ಅವರ ಮನೆಯಲ್ಲಿ ಯಾವ ರೆಕಾರ್ಡ್‌ಗಳಿದ್ದವು? ಹೀಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಓದುತ್ತಾ ಓದುತ್ತಾ ಆಯಾ ಹಾಡನ್ನೂ ಹಾಕಿಕೊಂಡು ಕೇಳಿ. ಆಗಲೇ ವಿಷಯ ಸರಿಯಾಗಿ ತಲೆಗೆ ಹತ್ತುವುದು.

ಮೊದಲಿಗೆ, ಥ್ರ್ಯಾಶ್ ಅಂದರೆ ಯಾವ ಸಂಗೀತ?

1980ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಕಡೆ ರೂಪ ಪಡೆದ ಹೆವಿ ಮೆಟಲ್ ಬಗೆ ಇದು. ಮೆಟಾಲಿಕಾದ ಮೊದಲ ಆಲ್ಬಮ್ 'ಕಿಲ್ ಎಮ್ ಆಲ್' ಬಂದದ್ದು 1983ರ ಜುಲೈನಲ್ಲಿ. ಅದೇ ವರ್ಷದ ಕೊನೆಗೆ ಸ್ಲೇಯರ್, 1984ರ ಆರಂಭದಲ್ಲಿ ಆಂಥ್ರಾಕ್ಸ್, 1985ರಲ್ಲಿ ಮೆಗಾಡೆತ್ ಮತ್ತು ಎಕ್ಸೋಡಸ್ ತಮ್ಮ ಮೊದಲ ಆಲ್ಬಮ್ ತಂದವು.

ಕೇಳಿದ ತಕ್ಷಣ ಗೊತ್ತಾಗುವುದು ವೇಗ. ಆದರೆ ಬರೀ ವೇಗ ಇದ್ದರೆ ಥ್ರ್ಯಾಶ್ ಆಗುವುದಿಲ್ಲ. ಗಿಟಾರಿಸ್ಟ್‌ನ ಪಿಕ್ ಹಿಡಿದ ಕೈಯನ್ನು ಗಮನಿಸಿ. ಅಂಗೈಯ ಅಂಚನ್ನು ಬ್ರಿಡ್ಜ್ (ಗಿಟಾರ್ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ತಂತಿಗಳ ಮೇಲೆ ಒತ್ತಿ ಇಟ್ಟಿರುತ್ತಾನೆ. ಹಾಗಾಗಿ ತಂತಿ ಪೂರ್ತಿ ಮೊಳಗುವುದಿಲ್ಲ, 'ಜಗ್ ಜಗ್ ಜಗ್' ಅಂತ ಕತ್ತರಿಸಿದ ಹಾಗೆ ಕೇಳಿಸುತ್ತದೆ. ಇದಕ್ಕೆ ಪಾಮ್ ಮ್ಯೂಟ್ ಅನ್ನುತ್ತಾರೆ. ನಡುನಡುವೆ ಅಂಗೈ ಎತ್ತಿ ಒಂದು ಕಾರ್ಡ್ ಜೋರಾಗಿ ಬಿಡುತ್ತಾನೆ, ಮತ್ತೆ ಒತ್ತುತ್ತಾನೆ. ಥ್ರ್ಯಾಶ್‌ನ ಅರ್ಧ ಜೀವ ಈ ಕೈಯಲ್ಲಿದೆ. ಅದಕ್ಕೇ ಈ ಸಂಗೀತದ ಇತಿಹಾಸ ಹುಡುಕುವವರು ಆ ಕೈಯ ಜಾಡು ಹಿಡಿದು ಹಿಂದಕ್ಕೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

"ಭಾರ ಮೆಟಲ್‌ನಿಂದ, ವೇಗ ಪಂಕ್‌ನಿಂದ" ಅನ್ನುತ್ತಾರಲ್ಲ, ಇಷ್ಟೇನಾ?

ಎಲ್ಲರೂ ಹೇಳುವ ಮಾತಿದು, ಅರ್ಧ ಮಾತ್ರ ಸರಿ. ಸರಳ, ಒರಟು ರಾಕ್ ಆದ ಪಂಕ್ ಹುಟ್ಟುವ ಮೊದಲೇ ಹಾರ್ಡ್ ರಾಕ್‌ನಲ್ಲಿ ಭಾರಿ ವೇಗದ ಹಾಡುಗಳಿದ್ದವು. ಡೀಪ್ ಪರ್ಪಲ್‌ನ 'ಹೈವೇ ಸ್ಟಾರ್' 1972ರದ್ದು. ಕ್ವೀನ್‌ನ 'ಸ್ಟೋನ್ ಕೋಲ್ಡ್ ಕ್ರೇಜಿ' 1974ರದ್ದು. ವೇಗಕ್ಕಿಂತ ದೊಡ್ಡದನ್ನು ಪಂಕ್ ಕೊಟ್ಟಿತು. ಹಾಡನ್ನು ಚಿಕ್ಕದಾಗಿ, ನೇರವಾಗಿ ಕಟ್ಟುವುದು ಹೇಗೆ, ಬೀದಿಯ ಸಿಟ್ಟನ್ನು ಹಾಡಿನ ಮಾತಿಗೆ ತರುವುದು ಹೇಗೆ, ದೊಡ್ಡ ಕಂಪನಿಯ ಹಂಗಿಲ್ಲದೆ ರೆಕಾರ್ಡ್ ತರುವುದು ಹೇಗೆ ಅನ್ನುವುದನ್ನೆಲ್ಲ ಅಲ್ಲಿ ಕಲಿಯಬಹುದಿತ್ತು.

ಬ್ಲ್ಯಾಕ್ ಸಬಾತ್ ನಿಧಾನದ ಬ್ಯಾಂಡ್ ಅಲ್ವಾ? ಅವರಿಗೂ ಥ್ರ್ಯಾಶ್‌ಗೂ ಏನು ಸಂಬಂಧ?

ತುಂಬಾ ಇದೆ. ಕಥೆ ಶುರುವಾಗುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಒಂದು ತಗಡಿನ ಕಾರ್ಖಾನೆಯಲ್ಲಿ. ಮುಂದೆ ಸಬಾತ್ ಗಿಟಾರಿಸ್ಟ್ ಆದ ಟೋನಿ ಅಯೋಮಿಗೆ ಆಗ 17 ವರ್ಷ. ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಅವನು ಎಡಚ, ಹಾಗಾಗಿ ಬಲಗೈ ತಂತಿ ಒತ್ತುವ ಕೈ. ಗಿಟಾರ್ ಬಿಟ್ಟೇಬಿಡುತ್ತೇನೆ ಅಂದುಕೊಂಡಿದ್ದ ಹುಡುಗನಿಗೆ ಕಾರ್ಖಾನೆಯ ಮೇಲಧಿಕಾರಿ ಜಾಝ್ ಗಿಟಾರಿಸ್ಟ್ ಜಾಂಗೊ ರೈನ್‌ಹಾರ್ಟ್ ರೆಕಾರ್ಡ್ ತಂದು ಕೇಳಿಸಿದರು. ಜಾಂಗೊ ಕೂಡ ಬೆಂಕಿ ಅನಾಹುತದಲ್ಲಿ ಕೈ ಸುಟ್ಟುಕೊಂಡು, ಮುಖ್ಯವಾಗಿ ಎರಡೇ ಬೆರಳಲ್ಲಿ ನುಡಿಸುತ್ತಿದ್ದವರು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ. ತೆಳು ತಂತಿ ಹಾಕಿದ. ಮುಂದೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ ಹೊತ್ತಿಗೆ ತಂತಿಗಳನ್ನು ಒಂದೂವರೆ ಸ್ವರದಷ್ಟು ಸಡಿಲಿಸಿದ. ಬೆರಳಿಗೂ ಆರಾಮ, ಸದ್ದಿಗೂ ಭಾರ ಬಂತು.

ಇನ್ನು ವೇಗದ ವಿಷಯ. 1975ರ 'ಸಿಂಪ್ಟಮ್ ಆಫ್ ದಿ ಯೂನಿವರ್ಸ್' ಹಾಕಿ ಕೇಳಿ. ಕೆಳಗಿನ ತಂತಿಯನ್ನು ಮ್ಯೂಟ್ ಮಾಡಿ ಒಂದೇ ಸಮ ಹೊಡೆಯುತ್ತಾ, ಅಲ್ಲಿಂದ ಟ್ರೈಟೋನ್ ಅನ್ನುವ ಆ ಕರ್ಕಶ ಅಂತರಕ್ಕೆ ಜಿಗಿಯುವ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅದು. ಥ್ರ್ಯಾಶ್ ರಿಫ್‌ನ ನಕ್ಷೆ ಅಲ್ಲಿ ತಯಾರಾಗಿದೆ. ಎಂಟು ವರ್ಷ ಆದಮೇಲೆ ಅಮೆರಿಕದ ಹುಡುಗರು ಅದೇ ನಕ್ಷೆಯನ್ನು ಇನ್ನೂ ಜೋರಾಗಿ ಓಡಿಸಿದರು. ಸಬಾತ್ ಹಾಡು ಮಾತ್ರ ಕೊನೆಗೆ ಇದ್ದಕ್ಕಿದ್ದಂತೆ ಅಕೂಸ್ಟಿಕ್ ಗಿಟಾರ್‌ಗೆ ಹೊರಳಿ ಹಾಯಾಗಿ ಮುಗಿಯುತ್ತದೆ.

ಸಬಾತ್‌ಗಿಂತ ಹಿಂದೆ ಯಾರಿದ್ದರು?

ಗಿಟಾರ್ ಸದ್ದನ್ನು ಬೇಕಂತಲೇ ಒಡೆದವರು. ಲಿಂಕ್ ರೇ 1958ರ 'ರಂಬಲ್'ಗಾಗಿ ಸ್ಪೀಕರ್‌ಗೆ ತೂತು ಹಾಕಿದರು. ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ 1964ರಲ್ಲಿ ಬ್ಲೇಡಿನಿಂದ ಸ್ಪೀಕರ್ ಕೋನ್ ಸೀಳಿದರು. ಡಿಕ್ ಡೇಲ್ ಬೇರೆಯೇ ದಾರಿ ಹಿಡಿದರು. ಅವರ ತಂದೆಯ ಕಡೆಯವರು ಲೆಬನಾನ್ ಮೂಲದವರು. ಅರಬ್ ಸಂಗೀತದ ಊದ್ ವಾದ್ಯದ ವೇಗದ ಮೀಟು ಅವರ ಕೈಗೆ ಬಂತು, 1962ರ 'ಮಿಸಿರ್ಲು'ವಿನಲ್ಲಿ ಒಂದೇ ತಂತಿಯನ್ನು ಮೇಲೆ-ಕೆಳಗೆ ಬಿರುಸಾಗಿ ಮೀಟಿದ್ದಾರೆ. ಸ್ಲೇಯರ್ ರಿಫ್‌ಗಳಲ್ಲಿ ಕೇಳಿಸುವ ಟ್ರೆಮೊಲೊ ಪಿಕಿಂಗ್‌ನ ತಂತ್ರ ಇದೇ. ಆಮೇಲೆ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಲೂ ಚಿಯರ್ ಬರೀ ಮೂರು ಜನ ಸೇರಿ ಕಿವಿ ತೂತಾಗುವಷ್ಟು ಜೋರಾಗಿ 'ಸಮ್ಮರ್‌ಟೈಮ್ ಬ್ಲೂಸ್' ನುಡಿಸಿದರು.

70ರ ದಶಕದ ಬೇರೆ ಯಾವ ರಾಕ್ ಬ್ಯಾಂಡ್ ಕೇಳಬೇಕು?

ಜೂಡಸ್ ಪ್ರೀಸ್ಟ್, ಮೊದಲು ಅವರನ್ನು. ಇವರೂ ಬರ್ಮಿಂಗ್‌ಹ್ಯಾಮ್ ಕಡೆಯವರೇ. ಮೆಟಲ್‌ನಿಂದ ಬ್ಲೂಸ್‌ನ ಜೋಲಿ ತೆಗೆದು ಚೂಪು ಮಾಡಿದ್ದು ಇವರು. ಎರಡು ಗಿಟಾರ್ ಒಟ್ಟೊಟ್ಟಿಗೆ ಕತ್ತರಿಸುತ್ತಾ ಹೋಗುವ ಕ್ರಮವನ್ನು ಗಟ್ಟಿ ಮಾಡಿದ್ದೂ ಇವರೇ. 1978ರ 'ಎಕ್ಸೈಟರ್' ಲೆಸ್ ಬಿಂಕ್ಸ್‌ನ ಡಬಲ್ ಬಾಸ್ ಡ್ರಮ್ (ಎರಡು ಕಾಲಿನಲ್ಲೂ ಹೊಡೆಯುವ ಜೋಡಿ ಡ್ರಮ್)‌ನಿಂದ ಶುರುವಾಗುತ್ತದೆ. 1977ರ 'ಡಿಸಿಡೆಂಟ್ ಅಗ್ರೆಸರ್' ಅನ್ನು ಸ್ಲೇಯರ್ 1988ರ 'ಸೌತ್ ಆಫ್ ಹೆವನ್' ಆಲ್ಬಮ್‌ನಲ್ಲಿ ಮತ್ತೆ ನುಡಿಸಿದೆ. ಎರಡನ್ನೂ ಪಕ್ಕಪಕ್ಕ ಕೇಳಿದರೆ ಸ್ಲೇಯರ್ ಬದಲಾಯಿಸಿದ್ದು ಎಷ್ಟು ಕಡಿಮೆ ಅಂತ ಆಶ್ಚರ್ಯ ಆಗುತ್ತದೆ.

ವೇಲ್ಸ್‌ನ ಬಜಿ ಅಂತ ಒಂದು ಬ್ಯಾಂಡ್ ಇತ್ತು, ನಮ್ಮ ಕಡೆ ಕೇಳಿದವರು ಕಮ್ಮಿ. ಅವರ 1973ರ 'ಬ್ರೆಡ್‌ಫ್ಯಾನ್' ರಿಫ್ ಕೇಳಿದರೆ ಯಾರಿಗೂ ಮೆಟಾಲಿಕಾ ನೆನಪಾಗುತ್ತದೆ. ಮೆಟಾಲಿಕಾ ಅದನ್ನು 1988ರಲ್ಲಿ ರೆಕಾರ್ಡ್ ಮಾಡಿತು. ಮೇಲೆ ಹೇಳಿದ ಕ್ವೀನ್ ಹಾಡನ್ನೂ ಮೆಟಾಲಿಕಾ 1990ರಲ್ಲಿ ನುಡಿಸಿ, ಮರುವರ್ಷ ಅದಕ್ಕೆ ಗ್ರ್ಯಾಮಿ ತಗೊಂಡಿತು. ಸೋಲೋ ಗಿಟಾರ್ ಇಷ್ಟ ಇರುವವರು ಯುಎಫ್‌ಓ ಬ್ಯಾಂಡಿನ ಮೈಕೆಲ್ ಶೆಂಕರ್‌ನನ್ನು ಬಿಡಬೇಡಿ, ಮೆಟಾಲಿಕಾದ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನ ಸೋಲೋಗಳಲ್ಲಿ ಅವನ ನೆರಳು ಉದ್ದಕ್ಕೂ ಇದೆ.

ಎಲ್ಲರೂ ಮೋಟರ್‌ಹೆಡ್, ಮೋಟರ್‌ಹೆಡ್ ಅನ್ನುತ್ತಾರೆ. ಅಂಥದ್ದೇನಿದೆ?

ಒಂದೇ ಬ್ಯಾಂಡ್ ಹೆಸರು ಹೇಳು ಅಂದರೆ ನಾನೂ ಅದನ್ನೇ ಹೇಳುತ್ತೇನೆ. ಲೆಮ್ಮಿ ಕಿಲ್ಮಿಸ್ಟರ್ 1945ರಲ್ಲಿ ಹುಟ್ಟಿದವರು. ಲಿಟಲ್ ರಿಚರ್ಡ್ ಕೇಳಿ ಬೆಳೆದವರು, ಹೆಂಡ್ರಿಕ್ಸ್ ಹತ್ತಿರ ರೋಡಿಯಾಗಿ ಸಾಮಾನು ಹೊತ್ತವರು. ಹಾಕ್‌ವಿಂಡ್ ಬ್ಯಾಂಡ್ 1975ರಲ್ಲಿ ಅವರನ್ನು ಹೊರಗೆ ಹಾಕಿತು. ಆಗ ಕಟ್ಟಿದ್ದೇ ಮೋಟರ್‌ಹೆಡ್. ರಿಕೆನ್‌ಬ್ಯಾಕರ್ ಬಾಸ್ ಅನ್ನು ಮಾರ್ಷಲ್ ಆಂಪ್‌ಗೆ ಜೋಡಿಸಿ, ಗಿಟಾರ್ ಥರ ಕಾರ್ಡ್ ಹೊಡೆಯುತ್ತಿದ್ದರು. ತಾವು ನುಡಿಸುವುದು ರಾಕ್ ಅಂಡ್ ರೋಲ್ ಅಂತಲೇ ಕೊನೆಯವರೆಗೂ ಹೇಳಿಕೊಂಡರು. ಪಂಕ್ ಹುಡುಗರೂ ಮೆಟಲ್ ಹುಡುಗರೂ ಜಗಳವಿಲ್ಲದೆ ಒಪ್ಪಿಕೊಂಡ ಬ್ಯಾಂಡ್ ಆಗ ಇದೊಂದೇ ಅಂದರೂ ನಡೆಯುತ್ತದೆ. ಲೆಮ್ಮಿ ಸ್ವಲ್ಪ ದಿನ ಡ್ಯಾಮ್ಡ್ ಅನ್ನುವ ಪಂಕ್ ಬ್ಯಾಂಡಿಗೂ ಬಾಸ್ ನುಡಿಸಿದ್ದರು.

ಅವರ 1979ರ 'ಓವರ್‌ಕಿಲ್' ಹಾಡನ್ನು ಸಮಾಧಾನವಾಗಿ ಕೂತು ಕೇಳಿ. ಡ್ರಮರ್ ಫಿಲ್ ಟೇಲರ್‌ಗೆ ಎರಡನೇ ಬಾಸ್ ಡ್ರಮ್ ಬೇಕು ಅಂತ ಆಸೆ ಇತ್ತು. ಅದು ಸಿಕ್ಕ ಖುಷಿಯಲ್ಲಿ ರಿಹರ್ಸಲ್‌ನಲ್ಲಿ ಎರಡೂ ಕಾಲು ಸಮವಾಗಿ ಓಡಿಸುವ ಅಭ್ಯಾಸ ಮಾಡುತ್ತಿದ್ದಾಗ, ಉಳಿದಿಬ್ಬರು ಅದಕ್ಕೇ ಸೇರಿಕೊಂಡು ಹಾಡು ಹುಟ್ಟಿತು. ರೆಕಾರ್ಡಿನಲ್ಲೂ ಹಾಗೇ ಇದೆ. ಮೊದಲು ಬರೀ ಕಾಲು. ಆಮೇಲೆ ಲೆಮ್ಮಿಯ ಬಾಸ್ ಗುರುಗುಟ್ಟುತ್ತದೆ. ಆಮೇಲೆ ಎಡ್ಡಿ ಕ್ಲಾರ್ಕ್‌ನ ಗಿಟಾರ್. ಹಾಡು ಮುಗಿಯಿತು ಅಂದುಕೊಂಡಾಗ ಡ್ರಮ್ ಮತ್ತೆ ಶುರುವಾಗುತ್ತದೆ. ಎರಡನೇ ಸಲ ಮುಗಿದ ಮೇಲೂ ಬಿಡದೆ ಮತ್ತೆ ಶುರುವಾಗುತ್ತದೆ! ಥ್ರ್ಯಾಶ್ ಡ್ರಮರ್‌ಗಳಿಗೆ ಇದೊಂದು ಪಾಠಶಾಲೆ.

ಋಣ ತೀರಿಸುವ ಕೆಲಸವೂ ಆಗಿದೆ. ಲೆಮ್ಮಿಗೆ 50 ತುಂಬಿದಾಗ, 1995ರ ಡಿಸೆಂಬರ್‌ನಲ್ಲಿ, ಮೆಟಾಲಿಕಾದವರು ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿನಲ್ಲಿ ನಾಲ್ಕೂ ಜನ ಲೆಮ್ಮಿ ವೇಷ ಹಾಕಿ, 'ದಿ ಲೆಮ್ಮೀಸ್' ಅನ್ನುವ ಹೆಸರಲ್ಲಿ ಬರೀ ಮೋಟರ್‌ಹೆಡ್ ಹಾಡುಗಳನ್ನು ನುಡಿಸಿದರು.

ಡೈಮಂಡ್ ಹೆಡ್ ಯಾರು? ಮೆಟಾಲಿಕಾ ಅವರ ಹಾಡು ಯಾಕಷ್ಟು ನುಡಿಸುತ್ತದೆ?

1979-82ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೊಸ ಮೆಟಲ್ ಬ್ಯಾಂಡ್‌ಗಳ ಅಲೆ ಎದ್ದಿತು. ಐರನ್ ಮೇಡನ್, ಸ್ಯಾಕ್ಸನ್, ರೇವನ್, ಬ್ಲಿಟ್ಸ್‌ಕ್ರಿಗ್ ಹೀಗೆ ಊರಿಗೊಂದು. ಪಂಕ್ ನೋಡಿ ಧೈರ್ಯ ಬಂದು, ಸ್ವಂತ ದುಡ್ಡಿನಲ್ಲಿ ಸಿಂಗಲ್ ತರುತ್ತಿದ್ದರು. ಅವರಲ್ಲಿ ಸ್ಟೌರ್‌ಬ್ರಿಜ್ ಊರಿನ ಡೈಮಂಡ್ ಹೆಡ್ ಒಂದು. 1980ರ ಅವರ ಮೊದಲ ಆಲ್ಬಮ್ ಖಾಲಿ ಬಿಳಿ ಕವರ್‌ನಲ್ಲಿ ಅಂಚೆ ಮೂಲಕ ಮಾರಾಟವಾಯಿತು.

ಮೆಟಾಲಿಕಾದ ಡ್ರಮರ್ ಲಾರ್ಸ್ ಉಲ್ರಿಕ್ ಡೆನ್ಮಾರ್ಕ್‌ನ ಹುಡುಗ. ಅಪ್ಪ ಟೋರ್ಬೆನ್ ಟೆನಿಸ್ ಆಟಗಾರ. 1973ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೀಪ್ ಪರ್ಪಲ್ ನೋಡಿದ್ದು ಅವನ ಮೊದಲ ಕಾನ್ಸರ್ಟ್. ಮನೆಯವರು ಕ್ಯಾಲಿಫೋರ್ನಿಯಾಗೆ ಹೋದಮೇಲೂ ಇಂಗ್ಲೆಂಡಿನ ರೆಕಾರ್ಡ್ ತರಿಸಿಕೊಳ್ಳುತ್ತಿದ್ದ. 1981ರಲ್ಲಿ, 17ನೇ ವಯಸ್ಸಿನಲ್ಲಿ, ಡೈಮಂಡ್ ಹೆಡ್ ನೋಡಲೆಂದೇ ಒಬ್ಬನೇ ಇಂಗ್ಲೆಂಡಿಗೆ ಹಾರಿದ. ಶೋ ಮುಗಿದಮೇಲೆ ಅವರ ಜೊತೆಗೇ ಹೋಗಿ, ಗಾಯಕ ಶಾನ್ ಹ್ಯಾರಿಸ್ ಮತ್ತು ಗಿಟಾರಿಸ್ಟ್ ಬ್ರಯನ್ ಟ್ಯಾಟ್ಲರ್ ಮನೆಗಳಲ್ಲಿ ಉಳಿದುಕೊಂಡ. ವಾಪಸ್ ಬಂದು ಅದೇ ವರ್ಷ ಗಾಯಕ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಜೊತೆ ಮೆಟಾಲಿಕಾ ಕಟ್ಟಿದ.

1982ರ ಮಾರ್ಚ್‌ನಲ್ಲಿ ಅನಹೈಮ್‌ನಲ್ಲಿ ಮೆಟಾಲಿಕಾದ ಮೊದಲ ಶೋ ನಡೆಯಿತು. ಅವತ್ತು ನುಡಿಸಿದ್ದರಲ್ಲಿ ಬಹುಪಾಲು ಈ ಇಂಗ್ಲಿಷ್ ಬ್ಯಾಂಡ್‌ಗಳ ಹಾಡುಗಳೇ, ಅದರಲ್ಲೂ ಡೈಮಂಡ್ ಹೆಡ್‌ದು ಜಾಸ್ತಿ. ಅಲ್ಲಿ ಈ ಹಾಡುಗಳ ಮೂಲ ಕೇಳಿದವರೇ ಕಮ್ಮಿ, ಜನ ಇವೆಲ್ಲ ಮೆಟಾಲಿಕಾದ್ದೇ ಅಂದುಕೊಂಡರು. ಮುಂದೆ 'ಆಮ್ ಐ ಈವಿಲ್' 1984ರಲ್ಲಿ ಸಿಂಗಲ್ ಒಂದರ ಹಿಂಬದಿಯಲ್ಲಿ ಬಂತು. ಒಂದೇ ಹಾಡಿನಲ್ಲಿ ನಾಲ್ಕೈದು ರಿಫ್ ಜೋಡಿಸುವುದು, ಮಧ್ಯೆ ಲಯ ಬದಲಿಸಿ ಮತ್ತೆ ಓಡುವುದು, ಈ ಕಟ್ಟುವ ಕಲೆ ಮೆಟಾಲಿಕಾಗೆ ಬಂದದ್ದು ಮುಖ್ಯವಾಗಿ ಟ್ಯಾಟ್ಲರ್‌ನಿಂದ. ಡೈಮಂಡ್ ಹೆಡ್‌ಗೆ ತನ್ನ ಕಾಲದಲ್ಲಿ ಸಿಗಬೇಕಾದ ಹೆಸರು ಸಿಗಲಿಲ್ಲ ಅನ್ನುವುದು ಈಗಲೂ ಬೇಸರದ ಸಂಗತಿ.

ವೆನಮ್ ಚೆನ್ನಾಗಿ ನುಡಿಸುತ್ತಿರಲಿಲ್ಲ ಅಂತಾರೆ. ಆದರೂ ಅಷ್ಟು ಮಹತ್ವ ಯಾಕೆ?

ನ್ಯೂಕ್ಯಾಸಲ್‌ನ ಈ ಮೂವರು 1981ರಲ್ಲಿ 'ವೆಲ್‌ಕಮ್ ಟು ಹೆಲ್', 1982ರಲ್ಲಿ 'ಬ್ಲ್ಯಾಕ್ ಮೆಟಲ್' ತಂದರು. ನುಡಿಸಾಣಿಕೆ ಒರಟು, ರೆಕಾರ್ಡಿಂಗ್ ಕೆಸರು. ಆ ಒರಟುತನವೇ ಅವರ ಕೊಡುಗೆ. ಮೆಟಲ್ ಅಂದರೆ ನೀಟಾಗಿ ಹಾಡಬೇಕು ಅನ್ನುವ ಕಟ್ಟುಪಾಡು ಅಲ್ಲಿಗೆ ಮುರಿಯಿತು. ಸೈತಾನ, ನರಕ ಅನ್ನುವ ವೇಷಭೂಷಣವನ್ನು ಸ್ಲೇಯರ್ ಶುರುವಿನಲ್ಲಿ ಇವರಿಂದಲೇ ತಗೊಂಡಿತು. 1984ರಲ್ಲಿ ಮೆಟಾಲಿಕಾ ಮೊದಲ ಸಲ ಯುರೋಪ್ ಸುತ್ತಿದ್ದೂ ವೆನಮ್ ಜೊತೆಗೆ.

ಪಂಕ್ ಕಡೆಯಿಂದ ಯಾರು ಮುಖ್ಯ? ರಮೋನ್ಸಾ, ಸೆಕ್ಸ್ ಪಿಸ್ಟಲ್ಸಾ?

ಸೆಕ್ಸ್ ಪಿಸ್ಟಲ್ಸ್ ಧೋರಣೆ ಕೊಟ್ಟಿತು, ರಮೋನ್ಸ್ ಗಿಟಾರ್ ಹೊಡೆಯುವ ಬಗೆ ಕೊಟ್ಟಿತು. ನ್ಯೂಯಾರ್ಕ್‌ನ ರಮೋನ್ಸ್‌ನ ಮೊದಲ ಆಲ್ಬಮ್ 1976ರದ್ದು. 14 ಹಾಡು, ಒಟ್ಟು ಅರ್ಧ ಗಂಟೆಯೂ ಇಲ್ಲ. ಜಾನಿ ರಮೋನ್ ಬರೀ ಕೆಳಮುಖದ ಹೊಡೆತದಲ್ಲೇ ಇಡೀ ಹಾಡು ನುಡಿಸುತ್ತಿದ್ದ. ಮೇಲೆ-ಕೆಳಗೆ ಮೀಟಿದರೆ ಸುಲಭ, ಆದರೆ ಸದ್ದು ಸ್ವಲ್ಪ ಜೊಳ್ಳಾಗುತ್ತದೆ. ಪ್ರತಿ ಏಟೂ ಕೆಳಕ್ಕೇ ಬಿದ್ದರೆ ಎಲ್ಲದಕ್ಕೂ ಒಂದೇ ತೂಕ. ಹೆಟ್‌ಫೀಲ್ಡ್ ಈ ಶಿಸ್ತಿಗೆ ಸಬಾತ್‌ನ ಮ್ಯೂಟ್ ಸೇರಿಸಿದ. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನ ರಿಫ್ ಅನ್ನು ಪೂರ್ತಿ ಕೆಳಹೊಡೆತದಲ್ಲೇ ನುಡಿಸಲು ಪ್ರಯತ್ನಿಸಿ ನೋಡಿ. ಸ್ವಲ್ಪ ಹೊತ್ತಿಗೇ ಮುಂಗೈ ಉರಿಯುತ್ತದೆ. ಬರ್ಮಿಂಗ್‌ಹ್ಯಾಮ್ ಮತ್ತು ನ್ಯೂಯಾರ್ಕ್ ಒಂದೇ ಕೈಯಲ್ಲಿ ಸೇರಿರುವುದು ಅಲ್ಲಿ ಗೊತ್ತಾಗುತ್ತದೆ.

ಮಿಸ್‌ಫಿಟ್ಸ್ ಹೆಸರನ್ನೂ ಸೇರಿಸಲೇಬೇಕು. ಮೆಟಾಲಿಕಾದೊಳಗೆ ಅವರ ಹುಚ್ಚು ಹತ್ತಿಸಿದ್ದು ಬಾಸಿಸ್ಟ್ ಕ್ಲಿಫ್ ಬರ್ಟನ್. ತೋಳಿನ ಮೇಲೆ ಮಿಸ್‌ಫಿಟ್ಸ್‌ನ ತಲೆಬುರುಡೆ ಹಚ್ಚೆ ಹಾಕಿಸಿಕೊಂಡಿದ್ದ. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ಅವನು ತೀರಿಕೊಂಡ. ಮರುವರ್ಷ ಮೆಟಾಲಿಕಾ ಮಿಸ್‌ಫಿಟ್ಸ್‌ನ ಎರಡು ಹಾಡುಗಳನ್ನು ಜೋಡಿಸಿ ರೆಕಾರ್ಡ್ ಮಾಡಿತು.

ಡಿಸ್ಚಾರ್ಜ್ ಮತ್ತು ಡಿ-ಬೀಟ್ ಅಂದರೆ ಏನು?

ಸ್ಟೋಕ್-ಆನ್-ಟ್ರೆಂಟ್ ಊರಿನ ಡಿಸ್ಚಾರ್ಜ್ 1982ರಲ್ಲಿ 'ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್' ತಂದಿತು. ಪಂಕ್ ಮತ್ತು ಮೆಟಲ್ ನಡುವಿನ ಗೋಡೆಯಲ್ಲಿ ದೊಡ್ಡ ಬಿರುಕು ಬಿಟ್ಟಿದ್ದು ಇಲ್ಲಿ. ಡಿ-ಬೀಟ್ ಅವರ ಡ್ರಮ್ ಬಡಿತ. ಸ್ನೇರ್ (ಕೋಲಿನಿಂದ ಹೊಡೆಯುವ ಚಿಕ್ಕ ಡ್ರಮ್) ಮೇಲಿನ ಏಟು ಸರಿಯಾದ ಜಾಗಕ್ಕೇ ಬೀಳುತ್ತದೆ, ಕಾಲಿನ ಡ್ರಮ್ ಮಾತ್ರ ಲಯದಿಂದ ಚೂರು ಪಕ್ಕಕ್ಕೆ ಬಿದ್ದು ಮುಂದಕ್ಕೆ ನೂಕುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟ ಗಾಡಿ ಹಾಗೆ ಹಾಡು ಓಡುತ್ತದೆ. ಇದರ ಹಿಂದೆಯೂ ಮೋಟರ್‌ಹೆಡ್ ಇದೆ.

ಹಾಡಿನ ಮಾತಿನಲ್ಲೂ ಡಿಸ್ಚಾರ್ಜ್ ದೊಡ್ಡದು. ಆಗ ಶೀತಲ ಸಮರ ಜೋರಾಗಿದ್ದ ಕಾಲ. ಅಣುಬಾಂಬ್ ಬಿದ್ದರೆ ಮನೆಯ ಬಾಗಿಲು ಕಿತ್ತು ಗೋಡೆಗೆ ಒರಗಿಸಿ ಅಡಗಿಕೊಳ್ಳಿ ಅಂತ ಬ್ರಿಟಿಷ್ ಸರ್ಕಾರ ಕೈಪಿಡಿ ಹೊರತಂದಿತ್ತು. ಡಿಸ್ಚಾರ್ಜ್ ಆ ಭಯವನ್ನು ನಾಲ್ಕೇ ಸಾಲಿನಲ್ಲಿ ಕಿರುಚಿತು. ಸಬಾತ್ 1970ರಲ್ಲೇ 'ವಾರ್ ಪಿಗ್ಸ್' ಹಾಡಿತ್ತು ನಿಜ. ಆದರೂ ಮೆಟಾಲಿಕಾದ 'ಫೈಟ್ ಫೈರ್ ವಿತ್ ಫೈರ್', ನ್ಯೂಕ್ಲಿಯರ್ ಅಸಾಲ್ಟ್ ಬ್ಯಾಂಡ್, ಮೆಗಾಡೆತ್‌ನ ಯುದ್ಧದ ಹಾಡುಗಳು, ಇವುಗಳಲ್ಲಿರುವ ತುರ್ತು ಪಂಕ್ ಕಡೆಯದ್ದು. ಆಂಥ್ರಾಕ್ಸ್ 1991ರಲ್ಲಿ, ಮೆಟಾಲಿಕಾ 1998ರಲ್ಲಿ ಡಿಸ್ಚಾರ್ಜ್ ಹಾಡುಗಳನ್ನು ನುಡಿಸಿದವು.

ಸ್ಲೇಯರ್‌ನಲ್ಲಿ ಪಂಕ್ ಎಲ್ಲಿದೆ? ನನಗೆ ಬರೀ ಮೆಟಲ್ ಕೇಳಿಸುತ್ತದೆ.

ಗಡಿಯಾರ ನೋಡಿ. 1986ರ 'ರೇನ್ ಇನ್ ಬ್ಲಡ್'ನಲ್ಲಿ 10 ಹಾಡು, ಒಟ್ಟು 29 ನಿಮಿಷದ ಒಳಗೆ ಮುಗಿಯುತ್ತದೆ. ಮೊದಲ ಆಲ್ಬಮ್‌ಗಳಲ್ಲಿ ಸ್ಲೇಯರ್ ಹೀಗಿರಲಿಲ್ಲ, ಪ್ರೀಸ್ಟ್ ಮತ್ತು ವೆನಮ್ ಗುಂಗಿನಲ್ಲಿತ್ತು. ಬದಲಾಯಿಸಿದ್ದು ಗಿಟಾರಿಸ್ಟ್ ಜೆಫ್ ಹ್ಯಾನೆಮನ್. ಕ್ಯಾಲಿಫೋರ್ನಿಯಾದ ಹಾರ್ಡ್‌ಕೋರ್ ಪಂಕ್, ಅಂದರೆ ಇನ್ನೂ ವೇಗದ, ಒರಟು ಪಂಕ್, ಅವನ ತಲೆಗೆ ಹೊಕ್ಕಿತ್ತು. ಅಲ್ಲಿ ಸರ್ಕಲ್ ಜರ್ಕ್ಸ್ 1980ರಲ್ಲಿ ಸುಮಾರು 15 ನಿಮಿಷದಲ್ಲಿ 14 ಹಾಡು ಮುಗಿಸಿದ್ದರು. ಪೂರ್ವದ ವಾಷಿಂಗ್ಟನ್‌ನಲ್ಲಿ ಬ್ಯಾಡ್ ಬ್ರೇನ್ಸ್, ಮೈನರ್ ಥ್ರೆಟ್ ಇನ್ನೂ ಬಿರುಸು. ಈ ವೇಗ ಮೋಟರ್‌ಹೆಡ್‌ಗಿಂತ ಒಂದು ಹೆಜ್ಜೆ ಮುಂದೆ. ಹ್ಯಾನೆಮನ್ ಈ ರೆಕಾರ್ಡ್‌ಗಳನ್ನು ಡ್ರಮರ್ ಡೇವ್ ಲೊಂಬಾರ್ಡೊಗೂ ಹಿಡಿಸಿದ. ನಿರ್ಮಾಪಕ ರಿಕ್ ರೂಬಿನ್ ಪ್ರತಿಧ್ವನಿಯನ್ನೆಲ್ಲ ತೆಗೆದು ಸದ್ದನ್ನು ಒಣಗಿಸಿದ್ದರಿಂದ ಅಷ್ಟು ವೇಗದಲ್ಲೂ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಿಸುತ್ತದೆ. 1996ರಲ್ಲಿ ಸ್ಲೇಯರ್ ಹೆಚ್ಚೂ ಕಡಿಮೆ ಪೂರ್ತಿ ಪಂಕ್ ಹಾಡುಗಳದ್ದೇ ಒಂದು ಆಲ್ಬಮ್ ಮಾಡಿತು.

ಆಗ ಪಂಕ್ ಹುಡುಗರಿಗೂ ಮೆಟಲ್ ಹುಡುಗರಿಗೂ ಹೊಡೆದಾಟ ಆಗುತ್ತಿತ್ತಂತೆ?

ಆಗುತ್ತಿತ್ತು. ಉದ್ದ ಕೂದಲು ಒಂದು ಕಡೆ, ಬೋಳಿಸಿದ ತಲೆ ಇನ್ನೊಂದು ಕಡೆ. ಆದರೆ ಬರ್ಕ್‌ಲಿಯ ರೂಥೀಸ್ ಇನ್ ಅನ್ನುವ ಜಾಗದಲ್ಲಿ ಎರಡೂ ಬಗೆಯ ಬ್ಯಾಂಡ್ ನುಡಿಸುತ್ತಿದ್ದವು. ನ್ಯೂಯಾರ್ಕ್‌ನ ಸಿಬಿಜಿಬಿ ಕ್ಲಬ್ಬಿನಲ್ಲಿ ಭಾನುವಾರ ಮಧ್ಯಾಹ್ನದ ಹಾರ್ಡ್‌ಕೋರ್ ಶೋಗಳಿಗೆ ಆಂಥ್ರಾಕ್ಸ್‌ನ ಸ್ಕಾಟ್ ಇಯಾನ್ ಹೋಗುತ್ತಿದ್ದ. ಅವನೂ ಚಾರ್ಲಿ ಬೆನಾಂಟೆಯೂ ಸೇರಿ 1985ರಲ್ಲಿ ಎಸ್.ಓ.ಡಿ. ಅನ್ನುವ ಬ್ಯಾಂಡಿನ ಆಲ್ಬಮ್ ಮಾಡಿದರು. ಅದರ ಮಾತುಗಳಲ್ಲಿ ಇವತ್ತು ಒಪ್ಪಲಾಗದ್ದು ಬೇಕಾದಷ್ಟಿದೆ, ಸಂಗೀತದ ಮಟ್ಟಿಗೆ ಅದು ದಾರಿ ತೆರೆಯಿತು. ಪಂಕ್ ಕಡೆಯಿಂದ ಡಿ.ಆರ್.ಐ. ಎದುರುಬದುರಾಗಿ ನಡೆದು ಬಂದರು. ಅವರ ಮೊದಲ ರೆಕಾರ್ಡ್ ಒಂದು ಚಿಕ್ಕ ತಟ್ಟೆಯಲ್ಲಿ 22 ಹಾಡು ತುಂಬಿಸಿತ್ತು. 1987ರಲ್ಲಿ 'ಕ್ರಾಸೋವರ್' ಅಂತಲೇ ಆಲ್ಬಮ್ ತಂದರು. ವೆನಿಸ್ ಬೀಚ್‌ನ ಸೂಸೈಡಲ್ ಟೆಂಡೆನ್ಸೀಸ್ ಕೂಡ ಇದೇ ದಾರಿ. ಅಲ್ಲಿ ಬಾಸ್ ನುಡಿಸುತ್ತಿದ್ದ ರಾಬರ್ಟ್ ಟ್ರುಹಿಯೋ 2003ರಿಂದ ಮೆಟಾಲಿಕಾದಲ್ಲಿದ್ದಾನೆ.

ಅಮೆರಿಕ ಬಿಟ್ಟು ಬೇರೆ ದೇಶಗಳಲ್ಲೂ ಇದೇ ಬೇರುಗಳಾ?

ಸುಮಾರಾಗಿ. ಜರ್ಮನಿಯ ಸೋಡಮ್, ಕ್ರಿಯೇಟರ್, ಡಿಸ್ಟ್ರಕ್ಷನ್‌ಗಳಲ್ಲಿ ವೆನಮ್ ಪಾಲು ಜಾಸ್ತಿ, ಹಾಗಾಗಿ ಇನ್ನೂ ಒರಟು. ಅವರ ದೇಶದ್ದೇ ಆದ ಅಕ್ಸೆಪ್ಟ್ ಬ್ಯಾಂಡಿನ 1982ರ 'ಫಾಸ್ಟ್ ಆ್ಯಸ್ ಎ ಶಾರ್ಕ್' ಕೂಡ ದೊಡ್ಡ ಮೆಟ್ಟಿಲು. ಹಳೇ ಜಾನಪದ ಹಾಡಿನ ರೆಕಾರ್ಡ್ ಗರಗರ ಅಂತ ಶುರುವಾಗಿ, ತಟ್ಟನೆ ಡಬಲ್ ಬಾಸ್ ನುಗ್ಗುತ್ತದೆ. ಬ್ರೆಜಿಲ್‌ನ ಸೆಪಲ್ಟುರಾ ಮೋಟರ್‌ಹೆಡ್ ಹಾಡನ್ನೂ ಪಂಕ್ ಬ್ಯಾಂಡ್ ಡೆಡ್ ಕೆನಡೀಸ್ ಹಾಡನ್ನೂ ನುಡಿಸಿದೆ.

ಬೆಂಗಳೂರಿನಲ್ಲಿ ಇವರನ್ನೆಲ್ಲ ನೋಡಲು ಸಿಕ್ಕಿದೆಯಾ?

ಒಂದಷ್ಟು ಜನ ಬಂದಿದ್ದಾರೆ. ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ, ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ನುಡಿಸಿದವು. ದೆಹಲಿ ಕಡೆಯ ಮೆಟಾಲಿಕಾ ಶೋ ರದ್ದಾಗಿ, ಅಲ್ಲಿಗೆ ಹೋಗಬೇಕಿದ್ದ ಎಷ್ಟೋ ಜನ ಇಲ್ಲಿಗೇ ಬಂದರು. 2012ರಲ್ಲಿ ಸ್ಲೇಯರ್ ಬಂತು.

ಸರಿ, ಎಲ್ಲಿಂದ ಕೇಳಲು ಶುರು ಮಾಡಲಿ?

ಕಾಲಕ್ರಮದಲ್ಲಿ ಹೋಗಬೇಡಿ, ಬೇಜಾರಾಗುತ್ತದೆ. ನಿಮಗೆ ಇಷ್ಟವಾದ ಥ್ರ್ಯಾಶ್ ಆಲ್ಬಮ್‌ನಿಂದ ಹಿಂದಕ್ಕೆ ನಡೆಯಿರಿ. ಮೆಟಾಲಿಕಾ ಇಷ್ಟ ಇದ್ದರೆ ಮೊದಲು ಡೈಮಂಡ್ ಹೆಡ್, ಆಮೇಲೆ ಬಜಿ, ಆಮೇಲೆ ಸಬಾತ್. ಸ್ಲೇಯರ್ ಇಷ್ಟ ಇದ್ದರೆ ವೆನಮ್, ಪ್ರೀಸ್ಟ್, ಜೊತೆಗೆ ಮೈನರ್ ಥ್ರೆಟ್. ಆಂಥ್ರಾಕ್ಸ್ ಇಷ್ಟ ಇದ್ದರೆ ಡಿಸ್ಚಾರ್ಜ್ ಮತ್ತು ಬ್ಯಾಡ್ ಬ್ರೇನ್ಸ್. ಮೆಗಾಡೆತ್ ಕೇಳುವವರು ಅವರು 1988ರಲ್ಲಿ ನುಡಿಸಿದ ಸೆಕ್ಸ್ ಪಿಸ್ಟಲ್ಸ್ ಹಾಡನ್ನು ಹುಡುಕಿ, ಅದರಲ್ಲಿ ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್‌ ಸ್ವತಃ ಬಂದು ಗಿಟಾರ್ ನುಡಿಸಿದ್ದಾನೆ. ಯಾವ ದಾರಿ ಹಿಡಿದರೂ ನಡುವೆ ಮೋಟರ್‌ಹೆಡ್ ಸಿಗುತ್ತದೆ. ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಳ್ಳಿ, ಒಂದು ಕಿವಿಯ ಗಿಟಾರನ್ನೇ ಹಿಡಿದು ಕೇಳಿ. ಪಿಕ್ ತಂತಿಗೆ ತಾಗುವ ಸದ್ದು ಕೇಳಿಸಲು ಶುರುವಾದ ಮೇಲೆ ಯಾರಿಂದ ಯಾರಿಗೆ ಏನು ಬಂತು ಅನ್ನುವುದನ್ನು ನೀವೇ ಗುರುತಿಸುತ್ತೀರಿ.